72 ಹೆಸರುಗಳ ಊರು

1/5
ಎಕನಾಮಿಕ್ಸ್ ಓದಿದವರೆಲ್ಲ ಇದನ್ನ ಬಾಯಿಪಾಠ ಮಾಡಿರ್ತೀರಿ: 1921, ‘ಮಹಾ ವಿಭಜಕ ವರ್ಷ’. 1911ರಿಂದ 1921ರೊಳಗೆ ಭಾರತದ ಜನಸಂಖ್ಯೆ ಏರುವ ಬದಲು ಇಳಿಯಿತು. ಸುಮಾರು 25.2 ಕೋಟಿ ಇದ್ದದ್ದು 25.1 ಕೋಟಿ ಆಯ್ತು. ನಾವು ಬರೆದ್ವಿ, ಮಾರ್ಕ್ಸ್ ತಗೊಂಡ್ವಿ, ಮರೆತ್ವಿ. ಯಾಕೆ ಇಳೀತು ಅಂತ ನಾನೂ ಯಾವತ್ತೂ ಕೇಳಿರಲಿಲ್ಲ.

ದೊಡ್ಡ ಕಾರಣ 1918ರ ಇನ್‌ಫ್ಲುಯೆಂಜಾ. ಅದರ ಬಗ್ಗೆ ಓದ್ತಾ ಓದ್ತಾ ನನಗೆ ಸಿಕ್ಕಿದ್ದು ಅಲಾಸ್ಕಾದ ಒಂದು ಪುಟ್ಟ ಊರಿನ ಸಮಾಧಿ. ಇವತ್ತು ಅದರ ಕಥೆ. ಕೊನೇಲಿ ನಿಮಗೊಂದು ಕೆಲಸವೂ ಇದೆ, ಪೂರ್ತಿ ಓದಿ.

2/5
ಊರಿನ ಹೆಸರು ಬ್ರೆವಿಗ್ ಮಿಷನ್. ಸಮುದ್ರದ ದಡ, ವರ್ಷವಿಡೀ ನೆಲದಡಿ ಮಂಜು ಕರಗದ ಜಾಗ. 1918ರಲ್ಲಿ ಅಲ್ಲಿದ್ದ ದೊಡ್ಡವರು ಸುಮಾರು 80 ಜನ. ಹೆಚ್ಚಿನವರು ಅಲ್ಲಿನ ಮೂಲನಿವಾಸಿಗಳು. ಅಂಚೆ ತಂದವರಿಂದಲೋ ವ್ಯಾಪಾರಿಗಳಿಂದಲೋ ರೋಗ ಊರಿಗೆ ಬಂದಿರಬಹುದು ಅಂತಾರೆ.

ನವೆಂಬರ್ 15ರಿಂದ 20. ಐದೇ ದಿನ. 80ರಲ್ಲಿ 72 ಜನ ಸತ್ತುಹೋದರು.

ಹೂಳೋಕೂ ಊರಲ್ಲಿ ಜನ ಉಳಿದಿರಲಿಲ್ಲ. ಸರ್ಕಾರ ಚಿನ್ನದ ಗಣಿ ಕೆಲಸಗಾರರನ್ನ ಕೂಲಿಗೆ ಕರೆಸಿತು. ಅವರು ಕಲ್ಲಿನಂಥ ನೆಲ ಅಗೆದು, ಎಲ್ಲರನ್ನೂ ಒಂದೇ ಗುಂಡಿಯಲ್ಲಿ ಹೂತರು. ಮೇಲೆ ಮರದ ಶಿಲುಬೆ ನೆಟ್ಟರು. ಅಷ್ಟೇ ಸ್ಮಾರಕ.

3/5
1951. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದ ಸ್ವೀಡನ್ನಿನ ಹುಡುಗ ಯೋಹಾನ್ ಹಲ್ಟಿನ್‌ಗೆ ಒಂದು ಯೋಚನೆ ಬಂತು. ನೆಲ ಕರಗದಿದ್ದರೆ ದೇಹಗಳೂ ಕೆಟ್ಟಿರಲ್ಲ, ಒಳಗೆ ಆ ವೈರಸ್ ಇನ್ನೂ ಇರಬಹುದಲ್ವಾ? ಅವನಿಗಾಗ 25-26 ವರ್ಷ. ನಮಗಿಂತ ಐದಾರು ವರ್ಷ ದೊಡ್ಡವನು, ಅಷ್ಟೆ.

ಅವನು ನೇರ ಹೋಗಿ ಗುದ್ದಲಿ ಹಾಕಲಿಲ್ಲ. ಮೊದಲು ಊರ ಹಿರಿಯರ ಹತ್ತಿರ ಅನುಮತಿ ಕೇಳಿದ. ಅವರು ಒಪ್ಪಿದ ಮೇಲೆ ಬೆಂಕಿ ಹಾಕಿ, ನೆಲ ಕರಗಿಸಿ ಅಗೆದ. ಶ್ವಾಸಕೋಶದ ಚೂರುಗಳು ಸಿಕ್ಕಿದವು. ಲ್ಯಾಬ್‌ನಲ್ಲಿ ಕೋಳಿಮೊಟ್ಟೆಯೊಳಗೆ ವೈರಸ್ ಬೆಳೆಸೋಕೆ ನೋಡಿದ. ಬೆಳೀಲೇ ಇಲ್ಲ. ಬರಿಗೈ.

4/5
46 ವರ್ಷ ಕಳೀತು. 1997ರಲ್ಲಿ ಜೆಫ್ರಿ ಟಾಬೆನ್‌ಬರ್ಗರ್ ಅನ್ನೋ ವಿಜ್ಞಾನಿಯ ತಂಡದ ಲೇಖನ ಹಲ್ಟಿನ್ ಕಣ್ಣಿಗೆ ಬಿತ್ತು. 1918ರಲ್ಲಿ ಸತ್ತ ಸೈನಿಕನ ಅಂಗಾಂಶದಿಂದ ಅವರು ವೈರಸ್‌ನ ಕೆಲವು ತುಣುಕುಗಳನ್ನ ಓದಿದ್ದರು. ಪೂರ್ತಿ ಓದೋಕೆ ಇನ್ನೂ ಮಾದರಿ ಬೇಕಿತ್ತು. ಹಲ್ಟಿನ್ ಸ್ವಂತ ದುಡ್ಡಿನಲ್ಲಿ, ಹೆಂಡತಿಯ ತೋಟದ ಕತ್ತರಿ ಹಿಡ್ಕೊಂಡು ಮತ್ತೆ ಅದೇ ಊರಿಗೆ ಹೊರಟರು. ಆಗ ಅವರ ವಯಸ್ಸು, ನಂಬ್ತೀರೋ ಇಲ್ವೋ, 72.

ಮತ್ತೆ ಅನುಮತಿ ಕೇಳಿದರು. ಊರವರು ಮತ್ತೆ ಒಪ್ಪಿದರು, ಅಗೆಯೋಕೂ ಕೈಜೋಡಿಸಿದರು. ಸುಮಾರು ಏಳು ಅಡಿ ಆಳದಲ್ಲಿ ಒಬ್ಬ ಹೆಂಗಸಿನ ಶ್ವಾಸಕೋಶ ಹಾಗೇ ಉಳಿದಿತ್ತು. ಆಕೆಯನ್ನ ಹಲ್ಟಿನ್ ‘ಲೂಸಿ’ ಅಂತ ಕರೆದರು. 1918ರ ವೈರಸ್‌ನ ಜೀನೋಮ್ ಪೂರ್ತಿ ಓದೋಕೆ ಸಾಧ್ಯವಾಗಿದ್ದು ಆಕೆಯಿಂದ. ಆ ಕೆಲಸ 2005ರಲ್ಲಿ ಮುಗೀತು.

ನನಗೆ ಮುಖ್ಯ ಅನ್ನಿಸಿದ್ದು ಇದರ ನಂತರದ್ದು. ಹಳೇ ಶಿಲುಬೆಗಳು ಹೋಗಿದ್ದವು. ವಾಪಸ್ ಬರೋ ಮೊದಲು ಹಲ್ಟಿನ್ ಹೊಸದಾಗಿ ಎರಡು ದೊಡ್ಡ ಮರದ ಶಿಲುಬೆ ಮಾಡಿ ನೆಟ್ಟರು. ಆಮೇಲೆ ಎರಡು ಹಿತ್ತಾಳೆ ಫಲಕ ಮಾಡಿಸಿದರು. ಹತ್ತಿರದ ಚರ್ಚಿನವರ ಮೂಲಕ ಹೆಸರುಗಳನ್ನ ಖಾತ್ರಿ ಮಾಡಿಕೊಂಡು, 72 ಜನರ ಹೆಸರನ್ನೂ ಅದರಲ್ಲಿ ಕೆತ್ತಿಸಿದರು. ಆ ಊರಿಂದ ವಿಜ್ಞಾನ ಏನೋ ತಗೊಂಡಿತ್ತು. ಅವರು ಹೆಸರುಗಳನ್ನ ವಾಪಸ್ ಕೊಟ್ಟರು.

5/5
ಈಗ ನಮ್ಮ ಲೆಕ್ಕಕ್ಕೆ ಬನ್ನಿ. ಅದೇ ರೋಗಕ್ಕೆ ಭಾರತದಲ್ಲಿ ಎಷ್ಟು ಜನ ಸತ್ತರು? ಕೆಲವರ ಅಂದಾಜು 1.2 ಕೋಟಿ, ಕೆಲವರದು 1.8 ಕೋಟಿ. ಎರಡರ ನಡುವೆ ವ್ಯತ್ಯಾಸವೇ 60 ಲಕ್ಷ.

ಬಿಕಾಂನವರಿಗೆ ಗೊತ್ತಲ್ಲ, ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಒಂದು ರೂಪಾಯಿ ತಾಳೆ ಆಗದಿದ್ದರೂ ರಾತ್ರಿಯೆಲ್ಲ ಕೂತು ಹುಡುಕ್ತೀವಿ. ಸಿಗದಿದ್ದರೆ ಸಸ್ಪೆನ್ಸ್ ಅಕೌಂಟ್‌ಗೆ ಹಾಕ್ತೀವಿ. ಇಲ್ಲಿ 60 ಲಕ್ಷ ಮನುಷ್ಯರು ಸಸ್ಪೆನ್ಸ್ ಅಕೌಂಟ್‌ನಲ್ಲಿದ್ದಾರೆ.

ಅದರಲ್ಲಿ ನಮ್ಮ ಮನೆಯವರೂ ಇದ್ದಾರೆ ಅಂತ ಗೊತ್ತಾಗಿದ್ದು ಮೊನ್ನೆ. ಇದನ್ನೆಲ್ಲ ಅಜ್ಜಿಗೆ ಹೇಳ್ತಿದ್ದೆ. ಅವರು ಎಲೆಅಡಿಕೆ ಮಡಚ್ತಾ, “ಜ್ವರದ ವರ್ಷ ಅಂತಿದ್ರು ಅದನ್ನ. ನಮ್ಮಪ್ಪನಿಗೆ ಆಗ ಆರು ವರ್ಷ. ಅವರವ್ವ, ತೊಟ್ಟಿಲಲ್ಲಿದ್ದ ತಂಗಿ, ಇಬ್ರೂ ಒಂದೇ ವಾರದಲ್ಲಿ ಹೋದ್ರಂತೆ” ಅಂದರು.

“ಅವರವ್ವನ ಹೆಸರೇನಜ್ಜಿ?”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತಿಲ್ಲ ಕಣೋ. ಅಪ್ಪ ಯಾವಾಗ್ಲೂ ‘ನಮ್ಮವ್ವ’ ಅಂತಿದ್ರು, ಅಷ್ಟೆ” ಅಂದರು.

ಅಪ್ಪನಿಗೂ ಗೊತ್ತಿಲ್ಲ, ಚಿಕ್ಕಪ್ಪನಿಗೂ ಗೊತ್ತಿಲ್ಲ. ನಮ್ಮ ಮನೇಲಿ ಕೇಳೋದು ತಡ ಆಯ್ತು. ಬ್ರೆವಿಗ್ ಮಿಷನ್‌ನಲ್ಲಿ ಕೆಲವೇ ಜನ ಉಳಿದಿದ್ದು, ಆದರೂ 72 ಹೆಸರೂ ಉಳಿದವು. ನಮ್ಮಲ್ಲಿ ಇಡೀ ಮನೆತನ ಬೆಳೀತು, ಎರಡು ಹೆಸರು ಉಳಿಯಲಿಲ್ಲ.

ನಿಮಗೆ ಕೊಡೋ ಕೆಲಸ ಇದೇ. ಇವತ್ತು ರಾತ್ರಿ ಊಟ ಆದಮೇಲೆ ಅಜ್ಜಿನೋ ತಾತನೋ ಹತ್ತಿರ ಕೂತು ‘ಜ್ವರದ ವರ್ಷ’ ಅಂತ ಕೇಳಿದ್ದೀರಾ ಅಂತ ಕೇಳಿ. ಹೆಸರು ಹೇಳಿದರೆ ಫೋನಿನಲ್ಲಲ್ಲ, ನೋಟ್‌ಬುಕ್‌ನಲ್ಲಿ ಬರೆದಿಡಿ. ಸಿಕ್ಕಿದ್ದು ಒಂದೇ ಹೆಸರಾದರೂ ಪರವಾಗಿಲ್ಲ, ಲೆಕ್ಕಕ್ಕೆ ಬರುತ್ತೆ.