ಚಿಪ್‌ಬೋರ್ಡ್ ನೆಲದ ದುರಸ್ತಿ

ಮರದ ಚೂರುಗಳಿಗೆ ರಾಳದ ಅಂಟು ಬೆರೆಸಿ, ಬಿಸಿಯಲ್ಲಿ ಒತ್ತಿ ತಯಾರಿಸಿದ ಹಲಗೆಯೇ ಚಿಪ್‌ಬೋರ್ಡ್. ಕರ್ನಾಟಕದಲ್ಲಿ ಪಾರ್ಟಿಕಲ್ ಬೋರ್ಡ್ ಎಂಬ ಹೆಸರಿನಲ್ಲಿ ಪೀಠೋಪಕರಣಗಳಿಗೆ ಬಳಕೆಯಾಗುವ ಇದನ್ನು ಬ್ರಿಟನ್ನಿನ ಅನೇಕ ಮನೆಗಳಲ್ಲಿ ಮಹಡಿಯ ಮರದ ತೊಲೆಗಳ ಮೇಲೆ ಹಾಸಿ, ಕಾರ್ಪೆಟ್ ಹೊದಿಸುತ್ತಾರೆ.

ನೀರೇ ಇದರ ದೊಡ್ಡ ಶತ್ರು. ಸ್ನಾನದ ತೊಟ್ಟಿಯಿಂದಲೋ ವಾಷಿಂಗ್ ಮೆಷಿನ್ನಿನಿಂದಲೋ ಸೋರಿದ ನೀರು ಕಾರ್ಪೆಟ್ಟಿನಡಿ ನಿಂತರೆ ಚೂರುಗಳು ಉಬ್ಬಿ, ಅಂಟಿನ ಹಿಡಿತ ಸಡಿಲಗೊಳ್ಳುತ್ತದೆ. ಒಣಗಿದರೂ ಹಳೆಯ ಬಲ ಮರಳದು. ಉಬ್ಬನ್ನು ಉಜ್ಜಿ ಮಟ್ಟಮಾಡಿ ಮುಚ್ಚುವುದು ಅಪಾಯಕರ. ಆ ಭಾಗವನ್ನು ಕತ್ತರಿಸಿ ತೆಗೆಯುವುದೇ ಸರಿ. ಹಲಗೆ ಗಟ್ಟಿಯಾಗಿದ್ದು ಬರೀ ಕಿರುಗುಟ್ಟುತ್ತಿದ್ದರೆ ತೊಲೆಗೆ ಸ್ಕ್ರೂ ಬಿಗಿದರೆ ಸಾಮಾನ್ಯವಾಗಿ ಸಾಕು.

ಮೊದಲು ಸೋರಿಕೆ ನಿಲ್ಲಿಸಿ, ಕೆಳಗಿನ ಕೊಳವೆ, ವಿದ್ಯುತ್ ತಂತಿಗಳನ್ನು ಗುರುತಿಸಬೇಕು. ಗರಗಸದ ಅಲಗನ್ನು ಹಲಗೆಯ ದಪ್ಪದಷ್ಟೇ ಇಳಿಸಿ ತೊಲೆಯ ನಡುಮಧ್ಯಕ್ಕೆ ಕೊಯ್ದರೆ ಹಳೆಯ, ಹೊಸ ತುಂಡುಗಳೆರಡಕ್ಕೂ ಆಸರೆ ಸಿಗುತ್ತದೆ. ತೊಲೆ ಸಿಗದ ಅಂಚಿನಡಿ ಅಡ್ಡಮರ ಕೂರಿಸಲೇಬೇಕು. ಅವಸರದ ಕೆಲಸದಲ್ಲಿ ಬಿಟ್ಟುಹೋಗುವುದು ಇದೇ, ಆಮೇಲೆ ಕಾಲಿಟ್ಟಲ್ಲಿ ತೇಪೆ ಕುಸಿಯುವುದೂ ಇದರಿಂದಲೇ.

ಹೊಸ ಹಲಗೆ ತೇವ ತಾಳುವ ಪಿ5 ದರ್ಜೆಯದಾಗಿರಬೇಕು. ಅದು ಜಲನಿರೋಧಕವೇನಲ್ಲ. ತೊಲೆಗಳ ನಡುವಿನ ಅಂತರ 450 ಮಿ.ಮೀ. ವರೆಗಿದ್ದರೆ 18 ಮಿ.ಮೀ., 600 ಮಿ.ಮೀ. ವರೆಗಿದ್ದರೆ 22 ಮಿ.ಮೀ. ದಪ್ಪ ಬೇಕು. ಒಂದು ಹಲಗೆಯ ನಾಲಗೆ ಪಕ್ಕದ್ದರ ತೋಡಿನೊಳಗೆ ಕೂರುವ ಕೀಲಿಗೆ ಅಂಟು ಹಚ್ಚಿ, ತೊಲೆಗೆ ಸ್ಕ್ರೂ ಬಿಗಿಯುತ್ತಾರೆ. ಹಲಗೆ ಹಿಗ್ಗಲು ಗೋಡೆಯಂಚಿನಲ್ಲಿ ಸುಮಾರು 10 ಮಿ.ಮೀ. ಜಾಗ ಬಿಡುತ್ತಾರೆ.