ಜಿಆರ್‌ಇ ಬರೆಯಲು 3500 ಪದ ಉರುಹೊಡೆಯಬೇಕೇ? ನಂಬಿಕೆಗಳು ಮತ್ತು ವಾಸ್ತವ

ಅಮೆರಿಕದಲ್ಲಿ ಎಂ.ಎಸ್. ಅಥವಾ ಪಿಎಚ್.ಡಿ. ಮಾಡಬೇಕೆಂದು ಹೊರಟವರ ಕಿವಿಗೆ ಮೊದಲು ಬೀಳುವ ಹೆಸರು ಜಿಆರ್‌ಇ. ಅದರ ಬೆನ್ನಿಗೇ ಸಲಹೆಗಳೂ ಬರುತ್ತವೆ. ‘ದಿನಕ್ಕೆ ಐವತ್ತು ಪದ ಬಾಯಿಪಾಠ ಮಾಡು’, ‘ಮೊದಲ ಐದು ಪ್ರಶ್ನೆ ತಪ್ಪಿದರೆ ಕಥೆ ಮುಗಿಯಿತು’, ‘ಕೋಚಿಂಗ್ ಇಲ್ಲದೆ ಆಗುವ ಮಾತಲ್ಲ’, ‘330 ಬಂದರೆ ಸೀಟು ಗ್ಯಾರಂಟಿ’.

ಹೀಗೆ ಹೇಳುವ ಸೀನಿಯರ್‌ಗಳು, ಬಂಧುಗಳು ಒಳ್ಳೆಯದನ್ನೇ ಬಯಸಿ ಹೇಳುತ್ತಾರೆ. ಅವರು ಬರೆದ ಕಾಲಕ್ಕೆ ಕೆಲವು ಮಾತು ನಿಜವೂ ಆಗಿದ್ದವು. ಪರೀಕ್ಷೆ ಆಮೇಲೆ ಎರಡು ಸಲ ದೊಡ್ಡ ಪ್ರಮಾಣದಲ್ಲಿ ಬದಲಾಯಿತು, ಸಲಹೆಗಳು ಮಾತ್ರ ಹಾಗೇ ಉಳಿದವು. ಇದರಿಂದಾಗುವ ನಷ್ಟ ಸಣ್ಣದಲ್ಲ. ಪದಗಳ ಪಟ್ಟಿಯ ಹಿಂದೆ ಬಿದ್ದು ನಾಲ್ಕೈದು ತಿಂಗಳು ಕಳೆದ ವಿದ್ಯಾರ್ಥಿಗೆ ಅರ್ಜಿಯ ಉಳಿದ ಭಾಗಗಳಿಗೆ ಸಮಯವೇ ಉಳಿಯುವುದಿಲ್ಲ. ಆದ್ದರಿಂದ ಈ ನಂಬಿಕೆಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಜಿಆರ್‌ಇ ಎಂದರೇನು?

ಜಿಆರ್‌ಇ ಎಂಬುದು ‘ಗ್ರ್ಯಾಜುಯೇಟ್ ರೆಕಾರ್ಡ್ ಎಕ್ಸಾಮಿನೇಷನ್’ ಎಂಬುದರ ಹ್ರಸ್ವರೂಪ. 1947ರಲ್ಲಿ ಸ್ಥಾಪನೆಯಾದ, ನ್ಯೂಜೆರ್ಸಿಯ ಪ್ರಿನ್ಸ್‌ಟನ್ ಬಳಿ ಕೇಂದ್ರ ಕಚೇರಿಯಿರುವ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್, ಅಂದರೆ ಇಟಿಎಸ್ ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. ಎಂಬಿಎಗೆ ಹೋಗುವವರು ಜಿಮ್ಯಾಟ್ ಎಂಬ ಬೇರೆ ಪರೀಕ್ಷೆ ಬರೆಯುವುದುಂಟು. ಟೋಫೆಲ್, ಐಇಎಲ್‌ಟಿಎಸ್‌ಗಳು ಇಂಗ್ಲಿಷ್ ಭಾಷಾ ಸಾಮರ್ಥ್ಯ ಅಳೆಯುವ ಪರೀಕ್ಷೆಗಳು. ಜಿಆರ್‌ಇ ಬರೆದ ಮಾತ್ರಕ್ಕೆ ಅವುಗಳಿಂದ ವಿನಾಯಿತಿ ಸಿಗುವುದಿಲ್ಲ.

2023ರ ಸೆಪ್ಟೆಂಬರ್‌ನಿಂದ ಜಿಆರ್‌ಇ ಅವಧಿ 1 ಗಂಟೆ 58 ನಿಮಿಷಕ್ಕೆ ಇಳಿದಿದೆ. ಈಗಿನ ಸ್ವರೂಪ ಹೀಗಿದೆ:

• ಬರವಣಿಗೆ: ಒಂದು ಪ್ರಬಂಧ, 30 ನಿಮಿಷ. ಅಂಕ 0ಯಿಂದ 6.
• ವರ್ಬಲ್: ಎರಡು ಭಾಗ. ಮೊದಲನೆಯದರಲ್ಲಿ 12 ಪ್ರಶ್ನೆ, 18 ನಿಮಿಷ. ಎರಡನೆಯದರಲ್ಲಿ 15 ಪ್ರಶ್ನೆ, 23 ನಿಮಿಷ. ಅಂಕ 130ರಿಂದ 170.
• ಕ್ವಾಂಟ್, ಅಂದರೆ ಗಣಿತ: ಎರಡು ಭಾಗ. ಮೊದಲನೆಯದರಲ್ಲಿ 12 ಪ್ರಶ್ನೆ, 21 ನಿಮಿಷ. ಎರಡನೆಯದರಲ್ಲಿ 15 ಪ್ರಶ್ನೆ, 26 ನಿಮಿಷ. ಅಂಕ 130ರಿಂದ 170.

ಜನ ‘320 ಬಂತು’, ‘330 ಬಂತು’ ಎನ್ನುವುದು ವರ್ಬಲ್ ಮತ್ತು ಕ್ವಾಂಟ್ ಸೇರಿಸಿ, 340ಕ್ಕೆ. ಅಂಕಗಳು ಐದು ವರ್ಷ ಚಾಲ್ತಿಯಲ್ಲಿರುತ್ತವೆ.

ತಯಾರಿಗೂ ಮುಂಚಿನ ಪ್ರಶ್ನೆ: ನಿಮಗೆ ಜಿಆರ್‌ಇ ಬೇಕೇ?

ಹಲವರು ಮೊದಲು ಕೋಚಿಂಗ್ ಸೇರಿ, ಆಮೇಲೆ ವಿಶ್ವವಿದ್ಯಾಲಯ ಹುಡುಕುತ್ತಾರೆ. ಆಗಬೇಕಾದದ್ದು ಇದರ ತಿರುವುಮುರುವು. 2020ರ ಕೋವಿಡ್ ಕಾಲದಲ್ಲಿ ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಅಮೆರಿಕದ ಅನೇಕ ವಿಭಾಗಗಳು ಜಿಆರ್‌ಇ ಕೈಬಿಟ್ಟವು. ಕೆಲವು ಮತ್ತೆ ಕೇಳತೊಡಗಿವೆ, ಕೆಲವು ಐಚ್ಛಿಕ ಮಾಡಿವೆ, ಇನ್ನು ಕೆಲವು ಕಳುಹಿಸಿದರೂ ನೋಡುವುದಿಲ್ಲ. ಒಂದೇ ವಿಶ್ವವಿದ್ಯಾಲಯದಲ್ಲಿ ಒಂದು ವಿಭಾಗ ಕೇಳಬಹುದು, ಪಕ್ಕದ ವಿಭಾಗ ಕೇಳದಿರಬಹುದು. ನಿಯಮ ಪ್ರತಿವರ್ಷವೂ ಬದಲಾಗಬಹುದು.

ಹಾಗಾಗಿ ಎಂಟು–ಹತ್ತು ವಿಭಾಗಗಳ ಪಟ್ಟಿ ಮಾಡಿ, ಪ್ರತಿಯೊಂದರ ಪ್ರವೇಶ ಪುಟವನ್ನು ನೀವೇ ಓದಿ, ‘ಕಡ್ಡಾಯ’, ‘ಐಚ್ಛಿಕ’, ‘ಬೇಡ’ ಎಂದು ಗುರುತು ಹಾಕಿಕೊಳ್ಳಿ. ಒಂದು ಸಂಜೆಯ ಈ ಕೆಲಸ ಕೆಲವರಿಗೆ ಇಡೀ ಪರೀಕ್ಷೆಯನ್ನೇ ಉಳಿಸುತ್ತದೆ.

ನಂಬಿಕೆ 1: ಸಾವಿರಾರು ಪದ ಬಾಯಿಪಾಠವಾಗಬೇಕು

ಈ ನಂಬಿಕೆಗೆ ಬೇರು ಇದೆ. 2011ರ ಆಗಸ್ಟ್‌ವರೆಗೆ ವರ್ಬಲ್‌ನಲ್ಲಿ ವಿರುದ್ಧ ಪದ ಹುಡುಕುವ ಮತ್ತು ಪದಜೋಡಿಗಳ ಸಂಬಂಧ ಗುರುತಿಸುವ ಪ್ರಶ್ನೆಗಳಿದ್ದವು. ಪದದ ಅರ್ಥ ಗೊತ್ತಿಲ್ಲದಿದ್ದರೆ ಅಲ್ಲಿ ಊಹಿಸಲು ಆಧಾರವೇ ಇರುತ್ತಿರಲಿಲ್ಲ. 3500 ಪದಗಳ ಪಟ್ಟಿಗಳು ಹುಟ್ಟಿಕೊಂಡದ್ದು ಆ ಕಾಲಕ್ಕೆ. ಅದೇ ವರ್ಷ ಆ ಎರಡೂ ಬಗೆಯ ಪ್ರಶ್ನೆಗಳನ್ನು ತೆಗೆದುಹಾಕಲಾಯಿತು.

ಈಗಿರುವುದು ಮೂರು ಬಗೆ: ವಾಕ್ಯದಲ್ಲಿ ಬಿಟ್ಟ ಜಾಗ ತುಂಬುವುದು, ಆರು ಪದಗಳಲ್ಲಿ ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡನ್ನು ಆರಿಸುವುದು, ಗದ್ಯಭಾಗ ಓದಿ ಉತ್ತರಿಸುವುದು. ಎಲ್ಲದರಲ್ಲೂ ಸುಳಿವು ವಾಕ್ಯದೊಳಗೇ ಇರುತ್ತದೆ. ‘ಆದರೂ’, ‘ಅಷ್ಟೇ ಅಲ್ಲದೆ’, ‘ಮೇಲ್ನೋಟಕ್ಕೆ’ ಎಂಬಂಥ ಇಂಗ್ಲಿಷ್ ಪದಗಳು ವಾಕ್ಯ ಯಾವ ಕಡೆ ತಿರುಗುತ್ತಿದೆ ಎಂದು ಹೇಳುತ್ತವೆ.

ಕಾಲು ಜಾರುವುದು ಎಷ್ಟೋ ಸಲ ಗೊತ್ತಿರುವ ಪದಗಳಲ್ಲೇ. ‘ಗ್ರ್ಯಾವಿಟಿ’ ಎಂದರೆ ಗುರುತ್ವಾಕರ್ಷಣೆ ಮಾತ್ರವಲ್ಲ, ಗಾಂಭೀರ್ಯವೂ ಹೌದು. ‘ಎಕಾನಮಿ’ಗೆ ಮಿತವ್ಯಯ ಎಂಬ ಅರ್ಥವಿದೆ. ‘ವಾಂಟ್’ ಎಂದರೆ ಕೊರತೆ ಎಂದೂ ಆಗುತ್ತದೆ. ‘ಕ್ವಾಲಿಫೈ’ ಎಂದರೆ ಹೇಳಿದ ಮಾತಿಗೆ ಮಿತಿ ಹಾಕುವುದು ಎಂಬ ಅರ್ಥವೂ ಇದೆ. ಪಟ್ಟಿಯಲ್ಲಿ ಒಂದು ಪದದ ಎದುರು ಒಂದೇ ಅರ್ಥ ಬರೆದು ಕಲಿತವರಿಗೆ ಇಲ್ಲಿ ಪೆಟ್ಟು ಬೀಳುತ್ತದೆ. ಪದಗಳು ಬೇಕು, ಆದರೆ ಕೆಲವು ನೂರು ಸಾಕು. ಅವನ್ನು ವಾಕ್ಯದ ಜೊತೆಗೇ ಕಲಿಯಬೇಕು.

ಮತ್ತೆ ಮತ್ತೆ ಓದಿದರೆ ಏಕೆ ನೆನಪಿರುವುದಿಲ್ಲ?

ಇದಕ್ಕೆ ನೆನಪಿನ ವಿಜ್ಞಾನದಲ್ಲಿ ಉತ್ತರವಿದೆ. 2006ರಲ್ಲಿ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ವಿದ್ಯಾರ್ಥಿಗಳಿಗೆ ಗದ್ಯಭಾಗ ಓದಲು ಕೊಟ್ಟರು. ಒಂದು ಗದ್ಯವನ್ನು ಇನ್ನೊಮ್ಮೆ ಓದಿಸಿದರು. ಮತ್ತೊಂದನ್ನು ಮುಚ್ಚಿಟ್ಟು, ನೆನಪಿದ್ದಷ್ಟು ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ಲೆಕ್ಕ ತಿರುಗಿತು: ಮತ್ತೆ ಓದಿದ್ದರಲ್ಲಿ ಶೇ. 42 ನೆನಪಿದ್ದರೆ, ನೆನಪಿಸಿಕೊಂಡು ಬರೆದದ್ದರಲ್ಲಿ ಶೇ. 56 ಉಳಿದಿತ್ತು.

ಅಂದರೆ ಮತ್ತೆ ಓದುವಾಗ ‘ಇದು ನನಗೆ ಗೊತ್ತು’ ಎಂದು ಅನಿಸುವುದು ಪರಿಚಯದ ಭಾವ, ಕಲಿಕೆಯಲ್ಲ. ನೆನಪಿನಿಂದ ಹೊರತೆಗೆಯುವ ಪ್ರಯತ್ನವೇ ನೆನಪನ್ನು ಗಟ್ಟಿ ಮಾಡುತ್ತದೆ. ಅದನ್ನು ಒಂದೇ ದಿನ ಹತ್ತು ಸಲ ಮಾಡುವ ಬದಲು, ಇಂದು, ನಾಳೆ, ನಾಲ್ಕು ದಿನ ಬಿಟ್ಟು, ಹತ್ತು ದಿನ ಬಿಟ್ಟು ಹೀಗೆ ಅಂತರ ಕೊಟ್ಟು ಮಾಡಿದರೆ ಹೆಚ್ಚು ಕಾಲ ಉಳಿಯುತ್ತದೆ. ಚೀಟಿಯ ಒಂದು ಬದಿ ಪದವಿರುವ ವಾಕ್ಯ, ಇನ್ನೊಂದು ಬದಿ ಅರ್ಥ. ಮೊದಲು ಹೇಳಿ, ಆಮೇಲೆ ತಿರುಗಿಸಿ ನೋಡಿ. ಅರ್ಥವನ್ನು ಕನ್ನಡದಲ್ಲೇ ಬರೆದುಕೊಂಡರೂ ತೊಂದರೆಯಿಲ್ಲ.

ನಂಬಿಕೆ 2: ಎಂಜಿನಿಯರ್‌ಗಳಿಗೆ ಗಣಿತ ಓದುವ ಅಗತ್ಯವಿಲ್ಲ

ಕ್ವಾಂಟ್‌ನಲ್ಲಿ ತ್ರಿಕೋನಮಿತಿಯಾಗಲಿ ಕಲನಶಾಸ್ತ್ರವಾಗಲಿ ಇಲ್ಲ. ಅಂಕಗಣಿತ, ಬೀಜಗಣಿತ, ರೇಖಾಗಣಿತ, ದತ್ತಾಂಶ ವಿಶ್ಲೇಷಣೆ, ಅಷ್ಟೇ. ಬಹುಪಾಲು ಹೈಸ್ಕೂಲಿನ ಗಣಿತ. ಹಾಗಾದರೆ ಅಂಕ ಹೋಗುವುದೆಲ್ಲಿ? ಒಂದು ಮಾದರಿ ನೋಡಿ.

ಸೊನ್ನೆಗಿಂತ ದೊಡ್ಡದಾದ ಒಂದು ಸಂಖ್ಯೆಯಿದೆ. ‘ಅ’ ಅಂಕಣದಲ್ಲಿ ಅದರ ವರ್ಗ, ‘ಆ’ ಅಂಕಣದಲ್ಲಿ ಆ ಸಂಖ್ಯೆಯೇ. ಯಾವುದು ದೊಡ್ಡದು?

ತಟ್ಟನೆ ಬರುವ ಉತ್ತರ ‘ಅ’. ಸಂಖ್ಯೆ 2 ಆದರೆ ವರ್ಗ 4, ಸರಿ. ಆದರೆ ಸಂಖ್ಯೆ ಅರ್ಧ ಆದರೆ ವರ್ಗ ಕಾಲು. ಆಗ ‘ಆ’ ದೊಡ್ಡದು. ಸಂಖ್ಯೆ 1 ಆದರೆ ಎರಡೂ ಸಮ. ಆದ್ದರಿಂದ ಸರಿಯುತ್ತರ ‘ಕೊಟ್ಟ ಮಾಹಿತಿಯಿಂದ ಹೇಳಲಾಗದು’. ಇಲ್ಲಿ ಪರೀಕ್ಷಿಸುವುದು ಲೆಕ್ಕದ ವೇಗಕ್ಕಿಂತ ಹೆಚ್ಚಾಗಿ ಎಚ್ಚರವನ್ನು. ಭಿನ್ನರಾಶಿ, ಋಣಸಂಖ್ಯೆ, ಸೊನ್ನೆ, ಒಂದು ಇವನ್ನು ಹಾಕಿ ನೋಡುವ ಅಭ್ಯಾಸ ಇರಬೇಕು.

ಇನ್ನೊಂದು ಸಂಗತಿ. ಕ್ವಾಂಟ್‌ನಲ್ಲಿ ಚೆನ್ನಾಗಿ ಬರೆಯುವವರು ಬಹಳ. ಇತ್ತೀಚಿನ ಪಟ್ಟಿಗಳಲ್ಲಿ ಕ್ವಾಂಟ್ 160 ಪಡೆದವರು ಸುಮಾರು ಅರ್ಧದಷ್ಟು ಜನರಿಗಿಂತ ಮುಂದಿದ್ದರೆ, ವರ್ಬಲ್ 160 ಪಡೆದವರು ನೂರಕ್ಕೆ 80ಕ್ಕೂ ಹೆಚ್ಚು ಜನರಿಗಿಂತ ಮುಂದಿರುತ್ತಾರೆ. ಆದ್ದರಿಂದ ಮೊತ್ತದ ಜೊತೆಗೆ ಎರಡೂ ಅಂಕಗಳ ಪರ್ಸೆಂಟೈಲನ್ನು ಬೇರೆಬೇರೆಯಾಗಿ ನೋಡಬೇಕು.

ನಂಬಿಕೆ 3: ಮೊದಲ ಐದು ಪ್ರಶ್ನೆಗಳೇ ಹಣೆಬರಹ ಬರೆಯುತ್ತವೆ

ಇದೂ 2011ಕ್ಕಿಂತ ಹಿಂದಿನ ಮಾತು. ಆಗ ಕಂಪ್ಯೂಟರ್ ಪ್ರತಿ ಉತ್ತರದ ನಂತರ ಮುಂದಿನ ಪ್ರಶ್ನೆಯ ಕಷ್ಟ ಬದಲಿಸುತ್ತಿತ್ತು, ಹಿಂದಿನ ಪ್ರಶ್ನೆಗೆ ಮರಳುವಂತಿರಲಿಲ್ಲ. ಈಗ ಮೊದಲ ಭಾಗದ ಒಟ್ಟು ಸಾಧನೆ ನೋಡಿ ಎರಡನೇ ಭಾಗದ ಕಷ್ಟದ ಮಟ್ಟ ನಿರ್ಧಾರವಾಗುತ್ತದೆ. ಒಂದು ಭಾಗದೊಳಗೆ ಎಲ್ಲ ಪ್ರಶ್ನೆಗಳಿಗೂ ಸಮಾನ ತೂಕ. ಗುರುತು ಹಾಕಿ ಮುಂದೆ ಹೋಗಿ, ಆಮೇಲೆ ಮರಳಬಹುದು.

ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಿಇಟಿಯಂತೆಯೇ ಇಲ್ಲಿಯೂ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕಷ್ಟದ ಒಂದು ಪ್ರಶ್ನೆಗೆ ಐದು ನಿಮಿಷ ಸುರಿಯುವುದೇ ಇಲ್ಲಿ ದೊಡ್ಡ ನಷ್ಟ.

ನಂಬಿಕೆ 4: ಕನ್ನಡ ಮಾಧ್ಯಮದವರಿಗೆ ವರ್ಬಲ್ ಒಲಿಯುವುದಿಲ್ಲ

ವರ್ಬಲ್‌ನಲ್ಲಿ ಉಚ್ಚಾರಣೆ, ಮಾತಿನ ನಿರರ್ಗಳತೆ ಯಾವುದೂ ಲೆಕ್ಕಕ್ಕಿಲ್ಲ. ಬೇಕಾದದ್ದು ದಟ್ಟವಾದ ಗದ್ಯವನ್ನು ನಿಧಾನವಾಗಿ ಬಿಡಿಸಿ ಓದುವ ಶಕ್ತಿ: ಲೇಖಕ ಏನು ಹೇಳುತ್ತಿದ್ದಾನೆ, ಯಾರ ಮಾತನ್ನು ಒಪ್ಪುತ್ತಿಲ್ಲ, ಸಾಕ್ಷ್ಯ ಎಲ್ಲಿದೆ. ಕನ್ನಡದಲ್ಲಿ ಗಂಭೀರ ಲೇಖನಗಳನ್ನು ಓದುವ ಅಭ್ಯಾಸವಿರುವವರಿಗೆ ಈ ಪ್ರಶ್ನೆಗಳು ಹೊಸವಲ್ಲ. ಕೊರತೆ ಇರುವುದು ಇಂಗ್ಲಿಷ್ ಗದ್ಯದ ರೂಢಿಯಲ್ಲಿ. ಅದಕ್ಕೆ ಸಮಯ ಬೇಕು, ಅಷ್ಟೇ. ದಿನಕ್ಕೊಂದು ಇಂಗ್ಲಿಷ್ ವಿಜ್ಞಾನ ಅಥವಾ ಇತಿಹಾಸ ಲೇಖನ ಓದಿ, ಅದರ ಸಾರವನ್ನು ಎರಡು ವಾಕ್ಯದಲ್ಲಿ ಬರೆಯಿರಿ. ಇಂಥವರು ಉಳಿದವರಿಗಿಂತ ಒಂದೆರಡು ತಿಂಗಳು ಮೊದಲೇ ಆರಂಭಿಸುವುದು ಒಳ್ಳೆಯದು.

ನಂಬಿಕೆ 5: ಕೋಚಿಂಗ್ ಅನಿವಾರ್ಯ, ‘ಸೋರಿದ ಪ್ರಶ್ನೆ’ಗಳು ಸಿಕ್ಕರೆ ಇನ್ನೂ ಒಳ್ಳೆಯದು

ಇಟಿಎಸ್ ತನ್ನ ಜಾಲತಾಣದಲ್ಲಿ ಪವರ್‌ಪ್ರೆಪ್ ಎಂಬ ಎರಡು ಅಣಕು ಪರೀಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ಪ್ರಬಂಧಕ್ಕೆ ಬರಬಹುದಾದ ವಿಷಯಗಳ ಪೂರ್ತಿ ಪಟ್ಟಿಯನ್ನೂ ಪ್ರಕಟಿಸಿದೆ. ಕೂತು ಓದುವ ಶಿಸ್ತು ಬೇಕೆನ್ನುವವರಿಗೆ ಕೋಚಿಂಗ್ ನೆರವಾಗಬಹುದು. ಆದರೆ ಅಲ್ಲಿ ಗುಟ್ಟೇನೂ ಇಲ್ಲ.

ಸೋರಿದ ಪ್ರಶ್ನೆಗಳ ಆಮಿಷದಿಂದ ಮಾತ್ರ ದೂರವಿರಿ. ಪರೀಕ್ಷೆ ಬರೆದವರು ನೆನಪಿನಿಂದ ಪ್ರಶ್ನೆಗಳನ್ನು ಅಂತರ್ಜಾಲದಲ್ಲಿ ಹಾಕುತ್ತಿದ್ದಾರೆಂದು 2002ರಲ್ಲಿ ಇಟಿಎಸ್ ಚೀನಾ, ತೈವಾನ್, ದಕ್ಷಿಣ ಕೊರಿಯಾಗಳಲ್ಲಿ ಕಂಪ್ಯೂಟರ್ ಆಧಾರಿತ ಜಿಆರ್‌ಇಯನ್ನೇ ನಿಲ್ಲಿಸಿತ್ತು. ಕೆಲವರ ತಪ್ಪಿಗೆ ಎಲ್ಲರೂ ಬೆಲೆ ತೆತ್ತರು. ಇಂದು ಕೂಡ ಅನುಮಾನ ಬಂದರೆ ಅಂಕ ರದ್ದಾಗುತ್ತದೆ. ಬಾಯಿಪಾಠ ಮಾಡಿದ ಪ್ರಬಂಧವೂ ಹೋಲಿಕೆಯ ತಪಾಸಣೆಯಲ್ಲಿ ಸಿಕ್ಕಿಬೀಳಬಹುದು.

ನಂಬಿಕೆ 6: 330 ಬಂದರೆ ಸೀಟು ಖಚಿತ, 305 ಬಂದರೆ ಕನಸು ಮುಗಿಯಿತು

ಸಿಇಟಿ ಅಥವಾ ಗೇಟ್‌ನ ರ್‍ಯಾಂಕ್ ಪಟ್ಟಿಗೆ ಒಗ್ಗಿದ ನಮಗೆ ಹೀಗೆ ಅನಿಸುವುದು ಸಹಜ. ಜಿಆರ್‌ಇಗೆ ರ್‍ಯಾಂಕ್ ಇಲ್ಲ, ಕೌನ್ಸೆಲಿಂಗ್ ಇಲ್ಲ. ವಿಭಾಗದ ಸಮಿತಿ ಅಂಕಪಟ್ಟಿ, ಶಿಫಾರಸು ಪತ್ರ, ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಸಂಶೋಧನೆ ಅಥವಾ ಕೆಲಸದ ಅನುಭವ ಎಲ್ಲವನ್ನೂ ಸೇರಿಸಿ ಓದುತ್ತದೆ. ಜಿಆರ್‌ಇ ಅಂಕದ ಒಂದು ಗೆರೆ ಎಳೆದು, ಅದೊಂದರಿಂದಲೇ ಅರ್ಜಿ ತಿರಸ್ಕರಿಸಬಾರದೆಂದು ಇಟಿಎಸ್ ತಾನೇ ವಿಶ್ವವಿದ್ಯಾಲಯಗಳಿಗೆ ಹೇಳುತ್ತದೆ.

ಅಂಕ ಏನನ್ನಾದರೂ ಮುನ್ಸೂಚಿಸುತ್ತದೆಯೇ? ಸಂಶೋಧನೆಗಳು ಎರಡೂ ಬಗೆ ಹೇಳುತ್ತವೆ. 2001ರಲ್ಲಿ ನೇಥನ್ ಕುನ್ಸೆಲ್ ಮತ್ತು ಸಂಗಡಿಗರು 82,659 ವಿದ್ಯಾರ್ಥಿಗಳ ಮಾಹಿತಿ ಒಟ್ಟುಗೂಡಿಸಿ, ಸ್ನಾತಕೋತ್ತರ ತರಗತಿಯ ಅಂಕಗಳಿಗೂ ಜಿಆರ್‌ಇಗೂ ಸಂಬಂಧವಿದೆ ಎಂದರು. 2017ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ 683 ಜೀವವೈದ್ಯಕೀಯ ಪಿಎಚ್.ಡಿ. ವಿದ್ಯಾರ್ಥಿಗಳ ಅಧ್ಯಯನ, ಮೊದಲ ಸೆಮಿಸ್ಟರ್‌ನ ಅಂಕಗಳನ್ನು ಜಿಆರ್‌ಇ ತಕ್ಕಮಟ್ಟಿಗೆ ಸೂಚಿಸಿದರೂ ಯಾರು ಪದವಿ ಮುಗಿಸುತ್ತಾರೆ, ಎಷ್ಟು ಬೇಗ ಮುಗಿಸುತ್ತಾರೆ ಎಂಬುದನ್ನು ಸೂಚಿಸಲಿಲ್ಲ ಎಂದಿತು. ಇಂಥ ಅಧ್ಯಯನಗಳಿಗೆ ಒಂದು ಮಿತಿಯಿದೆ: ಪ್ರವೇಶ ಸಿಕ್ಕವರನ್ನಷ್ಟೇ ನೋಡಲು ಸಾಧ್ಯ, ಸಿಗದವರು ಹೇಗೆ ಓದುತ್ತಿದ್ದರೋ ಗೊತ್ತಾಗುವುದಿಲ್ಲ. ಇಷ್ಟಂತೂ ಹೇಳಬಹುದು: ಈ ಅಂಕ ಒಂದು ಸುಳಿವು, ಭವಿಷ್ಯವಾಣಿಯಲ್ಲ.

ಹತ್ತು ವಾರಗಳ ಒಂದು ಯೋಜನೆ

• ಮೊದಲ ವಾರ: ಏನೂ ಓದದೆ ಒಂದು ಪವರ್‌ಪ್ರೆಪ್ ಪರೀಕ್ಷೆ, ಗಡಿಯಾರ ಇಟ್ಟುಕೊಂಡು ಬರೆಯಿರಿ. ಎಲ್ಲಿದ್ದೀರಿ ಎಂದು ತಿಳಿಯುತ್ತದೆ.
• 2ರಿಂದ 5ನೇ ವಾರ: ದಿನಕ್ಕೆ ಒಂದೂವರೆ ಗಂಟೆ. ಗಣಿತದ ಒಂದೊಂದು ವಿಷಯ, ಹತ್ತು ಹೊಸ ಪದ, ಒಂದು ಗದ್ಯಭಾಗ.
• 6ರಿಂದ 8ನೇ ವಾರ: ಸಮಯಕ್ಕೆ ಸರಿಯಾಗಿ ಪೂರ್ತಿ ಭಾಗಗಳ ಅಭ್ಯಾಸ. ವಾರಕ್ಕೆರಡು ಪ್ರಬಂಧ.
• 9ನೇ ವಾರ: ಎರಡನೇ ಪವರ್‌ಪ್ರೆಪ್.
• 10ನೇ ವಾರ: ತಪ್ಪುಗಳ ಪುಸ್ತಕ ಮಾತ್ರ. ಹೊಸದೇನೂ ಬೇಡ, ನಿದ್ದೆ ಕೆಡಿಸಿಕೊಳ್ಳಬೇಡಿ.

ತಪ್ಪುಗಳ ಪುಸ್ತಕ ಎಂದರೆ ಪ್ರತಿ ತಪ್ಪಿನ ಎದುರು ಕಾರಣ ಬರೆಯುವ ನೋಟ್‌ಬುಕ್: ಸೂತ್ರ ಗೊತ್ತಿರಲಿಲ್ಲವೋ, ಪ್ರಶ್ನೆ ತಪ್ಪಾಗಿ ಓದಿದೆವೋ, ಸಮಯ ಸಾಲಲಿಲ್ಲವೋ. ಎರಡು ವಾರದಲ್ಲಿ ಒಂದೇ ಕಾರಣ ಮತ್ತೆ ಮತ್ತೆ ಕಾಣಿಸುತ್ತದೆ. ಅದನ್ನು ಸರಿಪಡಿಸಿದರೆ ಅಂಕ ಏರುತ್ತದೆ.

ಮರೆಯಬಾರದ ಸಣ್ಣ ಸಂಗತಿಗಳು

ನೋಂದಣಿಯಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ತಂದೆಯ ಅಥವಾ ಊರಿನ ಪೂರ್ತಿ ಹೆಸರು ಇರುವುದು ನಮ್ಮಲ್ಲಿ ಸಾಮಾನ್ಯ. ಗುರುತಿನ ದಾಖಲೆಗೆ ಹೆಸರು ಹೊಂದದಿದ್ದರೆ ಪರೀಕ್ಷೆಗೆ ಕೂರಿಸದಿರಬಹುದು, ಕಟ್ಟಿದ ಶುಲ್ಕವೂ ಹೋಗಬಹುದು.

ಅಧಿಕೃತ ಅಂಕ ಬರಲು ಎಂಟು–ಹತ್ತು ದಿನ ಬೇಕು. ಮತ್ತೊಮ್ಮೆ ಬರೆಯಬೇಕಿದ್ದರೆ ನಡುವೆ 21 ದಿನಗಳ ಅಂತರ ಇರಬೇಕು; ಹನ್ನೆರಡು ತಿಂಗಳಲ್ಲಿ ಐದು ಸಲ ಬರೆಯಬಹುದು. ಯಾವ ಸಲದ ಅಂಕ ಕಳುಹಿಸಬೇಕೆಂದು ನೀವೇ ಆರಿಸಬಹುದು. ಆಗಸ್ಟ್‌ನಲ್ಲಿ ಆರಂಭವಾಗುವ ತರಗತಿಗಳಿಗೆ ಬಹಳಷ್ಟು ಕಡೆ ಹಿಂದಿನ ಡಿಸೆಂಬರ್–ಜನವರಿಯಲ್ಲೇ ಅರ್ಜಿಯ ಗಡುವು ಮುಗಿಯುತ್ತದೆ. ಆದ್ದರಿಂದ ಸೆಪ್ಟೆಂಬರ್ ಒಳಗೆ ಮೊದಲ ಪ್ರಯತ್ನ ಮುಗಿಸಿದರೆ ಮೈ ಹಗುರ.

ಹತ್ತು ವಾರ ಪರೀಕ್ಷೆಗೆ ಕೊಡಿ. ಉಳಿದ ಸಮಯವನ್ನು ನಿಮ್ಮನ್ನು ಚೆನ್ನಾಗಿ ಬಲ್ಲ ಮೇಷ್ಟ್ರ ಬಳಿ ಹೋಗಿ ಶಿಫಾರಸು ಪತ್ರ ಕೇಳುವುದಕ್ಕೆ, ಏನು ಓದಬೇಕು, ಏಕೆ ಓದಬೇಕು ಎಂದು ನಿಮ್ಮದೇ ಮಾತಿನಲ್ಲಿ ಬರೆಯುವುದಕ್ಕೆ, ಖರ್ಚು ಮತ್ತು ಸಾಲದ ಲೆಕ್ಕವನ್ನು ಮನೆಯವರ ಜೊತೆ ಕೂತು ಹಾಕುವುದಕ್ಕೆ ಇಟ್ಟುಕೊಳ್ಳಿ. ಸಮಿತಿಯವರು ನಿಮ್ಮ ಅರ್ಜಿ ತೆರೆದಾಗ ಜಿಆರ್‌ಇ ಅಲ್ಲಿ ಒಂದು ಸಾಲು ಮಾತ್ರ. ಉಳಿದ ಪುಟಗಳನ್ನು ತುಂಬಬೇಕಾದವರು ನೀವು.