ಮರವಿಲ್ಲದ ಗಿಟಾರು

ವೀಣೆಯೆಂದೊಡನೆ ಹಲಸಿನ ಮರವನ್ನು ನೆನೆಯುವುದು ನಮ್ಮವರ ರೂಢಿ. ತಂತಿಯ ನಾದವು ಮರದ ಕೊಡದಲ್ಲಿ ತುಂಬಿ ಹೊರಬರುವುದನ್ನೇ ಕೇಳುತ್ತ ಬಂದ ಕಿವಿಗೆ ಮರವಿಲ್ಲದ ತಂತಿವಾದ್ಯವೆಂದರೆ ತುಸು ಅಸಹಜವೆನಿಸಿದರೆ ಆಶ್ಚರ್ಯವಿಲ್ಲ. ಈ ವಿಷಯದಲ್ಲಿ ಪಾಶ್ಚಾತ್ಯರೂ ನಮಗಿಂತ ಬೇರೆಯಲ್ಲ. ವಿದ್ಯುತ್ ಗಿಟಾರನ್ನು ಕೃತಕ ದ್ರವ್ಯಗಳಿಂದ ಮಾಡಹೊರಟವರನ್ನು ಅಲ್ಲಿಯ ವಾದಕರು ಬಹುಮಟ್ಟಿಗೆ ಸಂಶಯದಿಂದಲೇ ಕಂಡಿದ್ದಾರೆ. ಮರವೇ ಮೂಲ, ಉಳಿದುದೆಲ್ಲ ಆಮೇಲೆ ಬಂದ ನಕಲು ಎಂಬುದು ಅವರ ನಂಬಿಕೆ. ಆದರೆ ಈ ವಾದ್ಯದ ಇತಿಹಾಸವನ್ನು ಮೊದಲಿನಿಂದ ನೋಡಿದರೆ ಬೇರೆಯೇ ಸಂಗತಿ ಕಂಡುಬರುವುದು.

1930ರ ಸುಮಾರಿಗೆ ಅಮೆರಿಕದಲ್ಲಿ ಹವಾಯಿ ದ್ವೀಪಗಳ ಸಂಗೀತಕ್ಕೆ ಬಹಳ ಬೇಡಿಕೆಯಿದ್ದಿತು. ಗಿಟಾರನ್ನು ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿ, ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸಿ ನುಡಿಸುವ ಕ್ರಮವದು. ತುತ್ತೂರಿಗಳ ಅಬ್ಬರದ ನಡುವೆ ಅದರ ದನಿ ಸಭೆಗೆ ಕೇಳಿಸುತ್ತಿರಲಿಲ್ಲ. ಲಾಸ್ ಏಂಜಲಿಸಿನ ಜಾರ್ಜ್ ಬೋಷಾಂ ಎಂಬ ವಾದಕನು ಇದಕ್ಕೆ ಉಪಾಯವನ್ನರಸಿ, ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಕಾಂತಸುರುಳಿಯೊಂದನ್ನು ರಚಿಸಿದನು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲೆಸಿದ್ದ ಅಡಾಲ್ಫ್ ರಿಕನ್‌ಬ್ಯಾಕರ್ ಅವನ ಪಾಲುದಾರನಾದನು. 1931ರ ಮೊದಲ ಮಾದರಿಯೇನೋ ಮರದ್ದೇ. ಆದರೆ 1932ರಲ್ಲಿ ಮಾರಾಟಕ್ಕೆ ಬಂದುದು ಅಚ್ಚಿನಲ್ಲಿ ಎರಕ ಹೊಯ್ದ ಅಲ್ಯೂಮಿನಿಯಂ ಗಿಟಾರು. ಚಿಕ್ಕ ದುಂಡನೆಯ ಒಡಲು, ಅದಕ್ಕೆ ಉದ್ದನೆಯ ದಂಡಿ. ನೋಡಿದವರು ಅದಕ್ಕೆ ಹಿಡಿಯುಳ್ಳ ಬಾಣಲೆಯ ಹೆಸರನ್ನೇ ಇಟ್ಟರು.

ಮರವನ್ನು ಅಷ್ಟು ಸುಲಭವಾಗಿ ಬಿಡಲು ಹೇಗೆ ಸಾಧ್ಯವಾಯಿತೆಂದು ಕೇಳಬಹುದು. ವೀಣೆಯಲ್ಲಿ ತಂತಿಯ ಶಕ್ತಿ ಕುದುರೆಯ ಮೂಲಕ ಮರಕ್ಕಿಳಿದು, ಮರವು ಗಾಳಿಯನ್ನು ಅಲುಗಿಸಿ, ನಾದವಾಗುತ್ತದೆ. ವಿದ್ಯುತ್ ಗಿಟಾರಿನಲ್ಲಾದರೋ ಉಕ್ಕಿನ ತಂತಿ ಆಯಸ್ಕಾಂತದ ಎದುರಿನಲ್ಲಿ ಕಂಪಿಸುತ್ತದೆ, ಕಾಂತಕ್ಷೇತ್ರ ಏರುಪೇರಾಗುತ್ತದೆ, ಸಾವಿರಾರು ಸುತ್ತುಗಳ ತೆಳುವಾದ ತಾಮ್ರದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟ ತತ್ತ್ವವೇ ಇದು. ಶಾಲೆಯ ಪ್ರಯೋಗಶಾಲೆಯಲ್ಲಿ ಗ್ಯಾಲ್ವನೋಮೀಟರಿನ ಮುಳ್ಳು ಓಲಾಡುವುದನ್ನು ಕಂಡ ವಿದ್ಯಾರ್ಥಿಗಳಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ನಾದ ಹೊರಡುವುದು ಧ್ವನಿವರ್ಧಕದಿಂದ. ಸುರುಳಿಯು ಒಡಲನ್ನು ನೀನು ಯಾವ ಜಾತಿಯ ಮರವೆಂದು ಕೇಳುವುದಿಲ್ಲ. ಒಡಲಿನ ಮುಖ್ಯ ಕೆಲಸ ತಂತಿಯ ಎರಡು ತುದಿಗಳನ್ನು ಭದ್ರವಾಗಿ ಹಿಡಿದಿರುವುದು. ಒಡಲು ತಾನೂ ಅಲುಗಿದರೆ ತಂತಿಯ ಚಲನೆಯಲ್ಲಿ ಅಷ್ಟಿಷ್ಟು ವ್ಯತ್ಯಾಸವಾಗುವುದುಂಟು. ಅದು ಕಿವಿಗೆ ಎಷ್ಟರಮಟ್ಟಿಗೆ ಕೇಳಿಸುವುದೆಂಬ ವಾದ ವಾದಕರಲ್ಲಿ ಇನ್ನೂ ಮುಗಿದಿಲ್ಲ.

ಅಲ್ಯೂಮಿನಿಯಂ ಬಿಸಿಗೆ ಬೇಗ ಹಿಗ್ಗುವ ಲೋಹ. ರಂಗದ ದೀಪಗಳ ಕೆಳಗೆ ಕುಳಿತು ನುಡಿಸುವಷ್ಟರಲ್ಲಿ ಶ್ರುತಿ ಕೆಡುತ್ತಿತ್ತು. ಆದುದರಿಂದ 1935ರಲ್ಲಿ ರಿಕನ್‌ಬ್ಯಾಕರ್ ಕಾರ್ಖಾನೆಯವರು ಬೇಕಲೈಟಿಗೆ ಕೈಹಾಕಿದರು. ಹಳೆಯ ಕಟ್ಟಡಗಳ ಗೋಡೆಯಲ್ಲಿ ಕರಿಯ ಸ್ವಿಚ್ಚನ್ನು ಕಂಡವರೆಲ್ಲರೂ ಈ ದ್ರವ್ಯವನ್ನು ಬಲ್ಲರು. ಬೆಲ್ಜಿಯಂ ಸಂಜಾತನಾದ ಲಿಯೊ ಬೇಕ್‌ಲೆಂಡ್ 1907ರಲ್ಲಿ ಫೆನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳನ್ನು ಕೂಡಿಸಿ ಪಡೆದ ರಾಳವದು. ಒಮ್ಮೆ ಅಚ್ಚಿನಲ್ಲಿ ಬೆಂದು ಗಟ್ಟಿಯಾಯಿತೆಂದರೆ ಮತ್ತೆ ಕಾಯಿಸಿದರೂ ಮೆತ್ತಗಾಗದು. ಈ ಗಿಟಾರಿನ ಒಡಲೂ ಬೇಕಲೈಟು, ದಂಡಿಯೂ ಬೇಕಲೈಟು. ದಂಡಿಯ ಮೆಟ್ಟಿಲುಗಳು ಕೂಡ ಅದೇ ಅಚ್ಚಿನಲ್ಲಿ ಮೂಡಿದವು. ಒಡಲನ್ನೂ ದಂಡಿಯನ್ನೂ ಬೇರೆಬೇರೆಯಾಗಿ ಎರೆದು ತಿರುಪುಮೊಳೆಗಳಿಂದ ಬಿಗಿದಿದ್ದರು. ದೋಷವೆಂದರೆ ಭಾರ, ಕೆಳಗೆ ಬಿದ್ದರೆ ಒಡೆಯುವ ಗುಣ. 1937ರಲ್ಲಿ ಡಾಕ್ ಕಾಫ್‌ಮನ್ ಎಂಬವನು ಇದರೊಳಗೆ ಒಂದು ಮೋಟಾರನ್ನೂ ತುರುಕಿ ಸ್ವರವನ್ನು ತಾನಾಗಿ ನಡುಗಿಸುವ ಏರ್ಪಾಟು ಮಾಡಿದನು. ಅದನ್ನು ಹೊತ್ತು ನುಡಿಸಲಾರದೆ ಕಂಬವೊಂದಕ್ಕೆ ಸಿಕ್ಕಿಸಬೇಕಾಯಿತಂತೆ! ಆದರೂ ಹವಾಯಿ ಶೈಲಿಯವರು ಬೇಕಲೈಟನ್ನು ಕೈಬಿಡಲಿಲ್ಲ. ಆ ಶೈಲಿಯಲ್ಲಿ ದೊಡ್ಡ ಹೆಸರು ಪಡೆದ ಜೆರ್ರಿ ಬರ್ಡ್ ಬಹುಕಾಲ ನುಡಿಸಿದ್ದು ಇಂಥ ಗಿಟಾರನ್ನೇ.

ಹಾಗಿದ್ದರೆ ಮರ ಮತ್ತೆ ಗೆದ್ದುದು ಹೇಗೆ? ಕಿವಿಯ ತೀರ್ಪಿನಿಂದಲ್ಲ, ಲೆಕ್ಕದ ಪುಸ್ತಕದಿಂದ ಎಂದು ನಮ್ಮ ಅಭಿಪ್ರಾಯ. ಅಚ್ಚಿಗೆ ಮೊದಲೇ ದೊಡ್ಡ ಬಂಡವಾಳ ಬೇಕು; ಆಕಾರವನ್ನು ಬದಲಿಸಬೇಕೆನಿಸಿದರೆ ಅಷ್ಟೂ ಹಣ ನೀರುಪಾಲು. ಹಲಗೆಗಾದರೆ ಗರಗಸವೊಂದಿದ್ದರೆ ಸಾಕು. 1950ರಲ್ಲಿ ಕ್ಯಾಲಿಫೋರ್ನಿಯದ ಲಿಯೊ ಫೆಂಡರ್ ಗಟ್ಟಿಮರದ ಹಲಗೆಯನ್ನು ಕೊಯ್ದು, ಮೇಪಲ್ ಮರದ ದಂಡಿಯನ್ನು ತಿರುಪುಮೊಳೆಗಳಿಂದ ಬಿಗಿದು, ಅಗ್ಗವಾದ ಗಿಟಾರನ್ನು ಪೇಟೆಗೆ ತಂದನು. 1952ರಲ್ಲಿ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರು ಬಂದಿತು. ಮುಂದೆ ವಿದ್ಯುತ್ ಗಿಟಾರೆಂದರೆ ಹೀಗೆಯೇ ಇರಬೇಕೆಂದು ಜನರ ಕಣ್ಣು ಕಲಿತುದು ಇವುಗಳಿಂದ.

ಕಣ್ಣು ಒಮ್ಮೆ ಕಲಿತುದನ್ನು ಬಿಡಿಸುವುದು ಎಷ್ಟು ಕಷ್ಟವೆಂಬುದನ್ನು ಮಾರಿಯೊ ಮಕ್ಕಫೆರ್ರಿಯ ಕಥೆ ತಿಳಿಸುತ್ತದೆ. ಅವನ ಗಿಟಾರುಗಳು ವಿದ್ಯುತ್ತಿನವಲ್ಲ. ಆದರೂ ಅವನನ್ನು ಬಿಟ್ಟು ಈ ಇತಿಹಾಸವನ್ನು ಹೇಳಲಾಗದು. 1900ರಲ್ಲಿ ಇಟಲಿಯ ಚೆಂಟೊ ಊರಿನಲ್ಲಿ ಹುಟ್ಟಿದ ಈತನು ಬಾಲ್ಯದಲ್ಲಿಯೇ ಲುಯಿಜಿ ಮೊಟ್ಸಾನಿಯ ಬಳಿ ವಾದ್ಯ ಕಟ್ಟುವುದನ್ನೂ ನುಡಿಸುವುದನ್ನೂ ಕಲಿತವನು. 1932ರಲ್ಲಿ ಪ್ಯಾರಿಸಿನ ಸೆಲ್ಮರ್ ಕಂಪನಿಗಾಗಿ ಅವನು ರೂಪಿಸಿದ ಮರದ ಗಿಟಾರುಗಳೇ ಮುಂದೆ ಜಾಂಗೊ ರೈನ್‌ಹಾರ್ಟನ ಕೈಯಲ್ಲಿ ಲೋಕಪ್ರಸಿದ್ಧವಾದವು. ಮರವನ್ನು ಅರಿಯದವನ ಸಾಹಸವಲ್ಲ ಅವನದು, ಇದನ್ನು ಗಮನಿಸಬೇಕು. 1933ರಲ್ಲಿ ಅಪಘಾತದಿಂದ ಕೈಗೆ ಪೆಟ್ಟಾಗಿ ಕಚೇರಿಯ ಬದುಕು ನಿಂತಿತು. 1939ರಲ್ಲಿ ಅಮೆರಿಕಕ್ಕೆ ಹೋಗಿ ಪ್ಲಾಸ್ಟಿಕ್ಕಿನಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪು ಮೊದಲಾದುವನ್ನು ತಯಾರಿಸಿದನು. 1949ರಲ್ಲಿ ಪಾಲಿಸ್ಟೈರೀನಿನ ಚಿಕ್ಕ ಯುಕುಲೇಲಿಯನ್ನು ಹೊರತಂದಾಗ ಅದು ಲಕ್ಷಗಟ್ಟಲೆ ಮಾರಾಟವಾಯಿತು. ಆ ಧೈರ್ಯದಿಂದ 1953ರಲ್ಲಿ ದೊಡ್ಡ ಗಿಟಾರನ್ನೇ ಪ್ಲಾಸ್ಟಿಕ್ಕಿನಲ್ಲಿ ಎರೆದನು. ಆಟಿಕೆಯ ದ್ರವ್ಯದಿಂದ ಮಾಡಿದ್ದು ಆಟಿಕೆಯೇ ಎಂದುಕೊಂಡ ವಾದಕರು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಯುಕುಲೇಲಿಯ ಯಶಸ್ಸೇ ಗಿಟಾರಿಗೆ ಮುಳುವಾಯಿತು. ಮಾಡಿಟ್ಟ ಗಿಟಾರುಗಳು ಉಗ್ರಾಣದಲ್ಲಿ ವರ್ಷಾನುಗಟ್ಟಲೆ ಉಳಿದವು. 1993ರಲ್ಲಿ ತೀರಿಕೊಂಡ ಆ ಮುದುಕನು ಕೊನೆಗಾಲದಲ್ಲಿಯೂ ಪ್ಲಾಸ್ಟಿಕ್ಕಿನ ಪಿಟೀಲನ್ನು ಮಾಡುವ ಛಲದಲ್ಲಿಯೇ ಇದ್ದನು.

1962ರಿಂದ ಶಿಕಾಗೊದ ವ್ಯಾಲ್ಕೊ ಕಂಪನಿ ಗಾಜಿನ ನಾರನ್ನು ರಾಳದಲ್ಲಿ ನೆನೆಸಿ ಎರಡು ಚಿಪ್ಪುಗಳನ್ನು ಮಾಡಿ, ಅವನ್ನು ಕೂಡಿಸಿ ಗಿಟಾರಿನ ಒಡಲನ್ನು ಕಟ್ಟಿತು. ಬಣ್ಣಗಳೇನೋ ಸೊಗಸಾಗಿದ್ದವು. 1968ರಲ್ಲಿ ಕಂಪನಿಯೇ ಮುಚ್ಚಿಹೋಯಿತು. ಮರುವರ್ಷ ಡ್ಯಾನ್ ಆರ್ಮ್‌ಸ್ಟ್ರಾಂಗ್ ಎಂಬವನು ಆಂಪೆಗ್ ಕಂಪನಿಗಾಗಿ ಪಾರದರ್ಶಕ ಅಕ್ರಿಲಿಕ್ಕಿನ ಗಿಟಾರನ್ನು ರೂಪಿಸಿದನು. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅದನ್ನು 1969ರ ಅಮೆರಿಕ ಪ್ರವಾಸದಲ್ಲಿ ನುಡಿಸಿದುದರಿಂದ ಹೆಸರು ಬಂದಿತು. ಆದರೆ ಅಕ್ರಿಲಿಕ್ಕು ನೀರಿನಲ್ಲಿ ಮುಳುಗುವ ದ್ರವ್ಯ, ಫೆಂಡರನ ಹಲಗೆ ತೇಲುವುದು. ರಾತ್ರಿಯೆಲ್ಲ ಹೆಗಲಿಗೆ ಹಾಕಿಕೊಳ್ಳುವವನಿಗೆ ಇದಕ್ಕಿಂತ ಹೆಚ್ಚಿನ ಭೌತಶಾಸ್ತ್ರ ಬೇಕಿಲ್ಲ. 1971ಕ್ಕೆ ಅದೂ ನಿಂತಿತು.

ಇವರೆಲ್ಲ ಮರದ ಆಕಾರವನ್ನು ಬೇರೆ ದ್ರವ್ಯದಲ್ಲಿ ಮೂಡಿಸಿದರು. ದ್ರವ್ಯಕ್ಕೆ ತಕ್ಕ ಆಕಾರವನ್ನು ಹುಡುಕಿದವನು ನೆಡ್ ಸ್ಟೈನ್‌ಬರ್ಗರ್. ಅವನು ಸಂಗೀತಗಾರನಲ್ಲ, ನ್ಯೂಯಾರ್ಕಿನಲ್ಲಿ ಕುರ್ಚಿ ಮೇಜುಗಳ ವಿನ್ಯಾಸ ಮಾಡುತ್ತಿದ್ದವನು; ಅದರಿಂದಲೇ ಸಂಪ್ರದಾಯದ ಹಂಗು ಅವನಿಗಿರಲಿಲ್ಲವೆನ್ನಬೇಕು. ಗಿಟಾರಿನ ಆರು ತಂತಿಗಳು ಒಟ್ಟಾಗಿ ಸುಮಾರು 45 ಕಿಲೊಗ್ರಾಂ ತೂಕದಷ್ಟು ಬಲದಿಂದ ದಂಡಿಯನ್ನು ಎಳೆಯುತ್ತಿರುತ್ತವೆ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದನ್ನು ಕಂಡವರಿಗೆ ಮರದ ದಂಡಿಯ ಪಾಡು ತಿಳಿದೀತು. ಅದು ಬಾಗದಿರಲೆಂದು ಒಳಗೆ ಉಕ್ಕಿನ ಸರಳನ್ನು ಇಡುತ್ತಾರೆ. ಸ್ಟೈನ್‌ಬರ್ಗರನು ಇಂಗಾಲದ ನಾರನ್ನೂ ಗಾಜಿನ ನಾರನ್ನೂ ಎಪಾಕ್ಸಿ ರಾಳದಲ್ಲಿ ಕೂಡಿಸಿ, ಸರಳು ಬೇಡದಂತಹ ದಂಡಿಯನ್ನು ಮಾಡಿದನು. ಬಿರಡೆಗಳನ್ನು ಒಡಲಿನ ಕೆಳತುದಿಗೆ ಒಯ್ದು, ದಂಡಿಯ ತಲೆಯನ್ನು ಕತ್ತರಿಸಿಬಿಟ್ಟನು. ಒಡಲು ಒಂದು ಪುಟ್ಟ ಪೆಟ್ಟಿಗೆಯಷ್ಟಾಯಿತು. 1980ರ ಸುಮಾರಿಗೆ ಮಂದ್ರಸ್ವರದ ಬೇಸ್ ಗಿಟಾರಿನ ರೂಪದಲ್ಲಿ ಅದು ಹೊರಬಂದಾಗ ನಕ್ಕವರೂ ಇದ್ದರು, ಕೊಂಡವರೂ ಇದ್ದರು. ಮುಂದೆ ಅನೇಕರು ತಲೆಯಿಲ್ಲದ ಗಿಟಾರುಗಳನ್ನು ಮಾಡಿದರು. ತಮಾಷೆಯೆಂದರೆ, ಅವುಗಳಲ್ಲಿ ಬಹುಪಾಲು ಮರದವು!

ಈ ಕಥೆ ನಮ್ಮ ಬಾಗಿಲಿಗೂ ಬಂದು ಮುಟ್ಟುತ್ತದೆ. ಗಿಟಾರಿನ ದಂಡಿಯ ಮೇಲೆ, ಬೆರಳೂರುವ ಕಡೆ ಅಂಟಿಸುವ ಪಟ್ಟಿಗೆ ಬ್ರೆಜಿಲಿನ ರೋಸ್‌ವುಡ್ ಶ್ರೇಷ್ಠವೆನಿಸಿತ್ತು. 1960ರ ದಶಕದ ಕೊನೆಯಲ್ಲಿ ಬ್ರೆಜಿಲ್ ದಿಮ್ಮಿಗಳ ರಫ್ತನ್ನು ತಡೆಗಟ್ಟಿದಾಗ ಅಮೆರಿಕದ ತಯಾರಕರು ನಮ್ಮ ಬೀಟೆಯ ಕಡೆಗೆ ತಿರುಗಿದರು. ವಯನಾಡು, ನೀಲಗಿರಿ, ಕೊಡಗಿನ ಕಾಡುಗಳಲ್ಲಿ ಬೆಳೆಯುವ, ಮಲೆಯಾಳಿಗಳು ಈಟ್ಟಿಯೆನ್ನುವ ಅದೇ ಮರ. ಹೆಸರೂ ಕೇಳದ ಊರುಗಳ ವಾದಕರ ಬೆರಳ ಕೆಳಗೆ ನಮ್ಮ ಬೆಟ್ಟಗಳ ಮರ ಸವೆಯುತ್ತಿದೆಯೆಂಬುದನ್ನು ಇಲ್ಲಿ ಬಲ್ಲವರು ಕಡಮೆ. 2017ರ ಜನವರಿಯಿಂದ ಈ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯವಾಯಿತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ಕೃತಕ ದ್ರವ್ಯ ಬಳಸಿದರೆ ಕಾಡು ಉಳಿಯುವುದೆಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ಬೀಟೆ ಉಳಿದೀತು, ಆದರೆ ಈ ರಾಳಗಳು ಹೆಚ್ಚಾಗಿ ಕಲ್ಲೆಣ್ಣೆಯಿಂದ ಬಂದವು, ಒಡೆದ ಮೇಲೆ ಮಣ್ಣಿನಲ್ಲಿ ಕರಗದವು.

2010ರ ದಶಕದಲ್ಲಿ ಗಿಬ್ಸನ್ ಕಂಪನಿ ತನ್ನ ಬೆಲೆಯುಳ್ಳ ಕೆಲವು ಗಿಟಾರುಗಳಿಗೆ ಕರಿಮರದ ಬದಲು ರಿಚ್‌ಲೈಟ್ ಎಂಬ ದ್ರವ್ಯದ ಪಟ್ಟಿಯನ್ನು ಹಾಕಿತು. ಕಾಗದದ ಹಾಳೆಗಳನ್ನು ಫೆನಾಲ್ ರಾಳದಲ್ಲಿ ನೆನೆಸಿ, ಒತ್ತಿ, ಕಾಯಿಸಿ ಮಾಡಿದ್ದದು. 1935ರ ಬೇಕಲೈಟಿನ ದಾಯಾದಿಯೇ. ಕಣ್ಣಿಗೆ ಕರಿಮರದಂತೆಯೇ ಕಾಣುವುದು. ಇಷ್ಟು ಹಣ ಕೊಟ್ಟು ಕಾಗದವನ್ನು ಕೊಳ್ಳಬೇಕೆ ಎಂದು ಗಿರಾಕಿಗಳು ಗೊಣಗಿದರು. ಆ ಕಾಗದವನ್ನು ಮರದ ತಿರುಳಿನಿಂದಲೇ ಮಾಡಿದ್ದರು.